ಹೂಕೋಸು, ನುಗ್ಗೆಸೊಪ್ಪು, ಫ್ರ್ಯಾಕ್ಟಲ್: ಪದೇ ಪದೇ ಕೇಳೋ ಪ್ರಶ್ನೆಗಳು

ಶಿಡ್ಲಘಟ್ಟದ ಕಡೆ ಒಂದು ಹೈಸ್ಕೂಲಲ್ಲಿ ಗಣಿತ ಹೇಳ್ಕೊಡ್ತೀನಿ. ಶನಿವಾರ ಅರ್ಧ ದಿನ ಸ್ಕೂಲ್ ಮುಗಿದ್ಮೇಲೆ ಉಳ್ಕೊಳ್ಳೋ ಮಕ್ಕಳಿಗೆ ಒಂದೊಂದ್ಸಲ ಫ್ರ್ಯಾಕ್ಟಲ್ ಮಾಡಿಸ್ತೀನಿ. ಅದ್ರ ಫೋಟೋ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕ್ದಾಗ್ಲೆಲ್ಲ ಬೇರೆ ಸ್ಕೂಲಿನ ಮೇಷ್ಟ್ರು, ಮಿಸ್‌ಗಳು, ಮಕ್ಕಳ ಅಪ್ಪ ಅಮ್ಮಂದಿರು ಅದೇ ಅದೇ ಪ್ರಶ್ನೆ ಕೇಳ್ತಾರೆ, ಒಬ್ಬೊಬ್ಬರಿಗೂ ವಾಯ್ಸ್ ಮೆಸೇಜ್ ಕಳ್ಸಿ ಕಳ್ಸಿ ಗಂಟಲು ಹೋಗಿದೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದು ಹಾಕ್ತಿದೀನಿ.

ಫ್ರ್ಯಾಕ್ಟಲ್ ಅಂದ್ರೆ ಏನು ಮಿಸ್, ಒಂದೇ ಮಾತಲ್ಲಿ ಹೇಳಿ

ಒಂದು ತುಂಡು ಮುರ್ಕೊಂಡ್ರೆ ಆ ತುಂಡು ಇಡೀ ವಸ್ತು ಥರಾನೇ ಕಾಣುತ್ತೆ, ಆ ತುಂಡಿಂದ ಇನ್ನೊಂದು ಚಿಕ್ಕ ತುಂಡು ಮುರಿದ್ರೆ ಅದೂ ಹಂಗೇ ಕಾಣುತ್ತೆ. ಅಷ್ಟೇ. ಹತ್ತನೇ ಕ್ಲಾಸಲ್ಲಿ ತ್ರಿಭುಜಗಳ ಸಮರೂಪತೆ ಪಾಠ ಇದ್ಯಲ್ಲ, ಆಕಾರ ಒಂದೇ ಅಳತೆ ಬೇರೆ ಅಂತ, ಅಲ್ಲಿ ಎರಡು ಬೇರೆ ಬೇರೆ ತ್ರಿಭುಜ ಇರುತ್ತೆ, ಇಲ್ಲಿ ವಸ್ತು ತನ್ನ ತುಂಡಿಗೇ ಸಮರೂಪ.

ಎಲ್ಲಿಂದ ಶುರು ಮಾಡ್ಬೇಕು? ಯೂಟ್ಯೂಬಲ್ಲಿ ಒಳ್ಳೊಳ್ಳೆ ಝೂಮ್ ವಿಡಿಯೋ ಇದೆ, ಅದು ತೋರಿಸಿದ್ರೆ ಸಾಕಲ್ವಾ?

ನಾನೂ ಮೊದಲನೇ ವರ್ಷ ಅದೇ ಮಾಡಿದ್ದು. ಸ್ಮಾರ್ಟ್ ಕ್ಲಾಸ್ ರೂಮಿನ ಕಿಟಕಿ ಎಲ್ಲಾ ಮುಚ್ಚಿಸಿ ಹತ್ತು ನಿಮಿಷದ ವಿಡಿಯೋ ಹಾಕಿದ್ದೆ. ಮಕ್ಕಳು ವಾವ್ ಅಂದ್ರು, ಒಬ್ಬ ಹುಡುಗ ಇದು ಯಾವ ಗೇಮ್ ಮಿಸ್ ಅಂದ, ಮುಂದಿನ ಶನಿವಾರ ಕೇಳಿದ್ರೆ ಬಣ್ಣ ಬಿಟ್ರೆ ಒಬ್ರಿಗೂ ಏನೂ ನೆನಪಿಲ್ಲ. ಅವತ್ತಿಂದ ವಿಡಿಯೋ ಕೊನೆಗೆ, ಟೈಮ್ ಉಳಿದ್ರೆ.

ಈಗ ಹೂಕೋಸಿಂದ ಶುರು ಮಾಡ್ತೀನಿ. ಚಿಕ್ಕಬಳ್ಳಾಪುರ ಕೋಲಾರದಲ್ಲಿ ಹೂಕೋಸಿಗೇನು ಬರ, ರೇಟ್ ಬಿದ್ದಾಗ ತೋಟದವ್ರು ಸುಮ್ನೆ ಕೊಟ್ಟು ಕಳಿಸ್ತಾರೆ. ಒಂದು ಗೆಡ್ಡೆನ ಮಕ್ಕಳ ಕೈಗೆ ಕೊಟ್ಟು, ಚಾಕು ಬೇಡ, ಕೈಯಲ್ಲೇ ಮುರೀರಿ ಅಂತೀನಿ. ಮೊದಲು ಮುಷ್ಟಿ ಗಾತ್ರದ ಹೂವು ಬರುತ್ತೆ, ಇಡೀ ಗೆಡ್ಡೆದೊಂದು, ಈ ಹೂವಿಂದೊಂದು, ಬೇರೆ ಬೇರೆಯಾಗಿ ಮೊಬೈಲಲ್ಲಿ ಹತ್ತಿರದಿಂದ ಫೋಟೋ ತೆಗೀರಿ ಅಂತೀನಿ. ಆಮೇಲೆ ಅದರಿಂದ ನಿಂಬೆಹಣ್ಣಿನಷ್ಟು, ಅದರಿಂದ ಕಡ್ಲೆಕಾಳಿನಷ್ಟು. ನಾಲ್ಕು ಫೋಟೋನ ಕಲಸಿ ಪಕ್ಕದ ಗುಂಪಿಗೆ ಕೊಟ್ಟು ಯಾವುದು ಇಡೀ ಗೆಡ್ಡೆ ಯಾವುದು ಚೂರು ಹೇಳಿ ಅಂದ್ರೆ ಹೇಳಕ್ಕಾಗಲ್ಲ. ಬೆರಳು ಫ್ರೇಮಲ್ಲಿ ಬಂದಿದ್ರೆ ಮಾತ್ರ ಸಿಕ್ಕಿಬೀಳುತ್ತೆ, ಅದನ್ನೂ ಮಕ್ಕಳೇ ಕಂಡುಹಿಡಿದು ಬೆರಳು ಮರೆ ಮಾಡಕ್ಕೆ ಶುರು ಮಾಡ್ತಾರೆ. ಅಳತೆಗೆ ಪಕ್ಕದಲ್ಲಿ ಏನೂ ಇಲ್ದಿದ್ರೆ ಇದು ದೊಡ್ಡದೋ ಚಿಕ್ಕದೋ ಗೊತ್ತಾಗಲ್ಲ ಅಂತ ಒಂದು ಹುಡುಗಿ ಅವಳಷ್ಟಕ್ಕೆ ಅಂದ್ಲು. ವ್ಯಾಖ್ಯಾನ ಅಂತ ನಾನು ಬೋರ್ಡ್ ಮೇಲೆ ಬರೀಬೇಕಾಗಿದ್ದೂ ಅದೇ, ಚಾಕ್‌ಪೀಸ್ ಕೆಳಗಿಟ್ಟೆ.

ಹೂಕೋಸು ಬಿಟ್ರೆ ನಮ್ಮ ಕಡೆ ಇನ್ನೇನು ಸಿಗುತ್ತೆ?

ಬೇಕಾದಷ್ಟಿದೆ. ನನ್ನ ಫೇವರಿಟ್ ನುಗ್ಗೆಸೊಪ್ಪು. ಮೂರು ಎಲೆ ತಂದು ಸಾಲಾಗಿ ಇಡಿ: ಕರಿಬೇವು, ಗುಲ್‌ಮೊಹರ್, ನುಗ್ಗೆ. ಕರಿಬೇವಲ್ಲಿ ಒಂದು ಕಡ್ಡಿ, ಅದಕ್ಕೆ ನೇರವಾಗಿ ಎಲೆ, ಒಂದೇ ಹಂತ. ಗುಲ್‌ಮೊಹರಲ್ಲಿ ಕಡ್ಡಿಗೆ ಕಡ್ಡಿ, ಆಮೇಲೆ ಎಲೆ, ಎರಡು ಹಂತ. ನುಗ್ಗೆಯಲ್ಲಿ ಕಡ್ಡಿಗೆ ಕಡ್ಡಿ, ಆ ಕಡ್ಡಿಗೆ ಇನ್ನೊಂದು ಕಡ್ಡಿ, ಆಮೇಲೆ ಎಲೆ. ನುಗ್ಗೆಸೊಪ್ಪು ಬಿಡಿಸೋ ಕೆಲಸ ಮನೇಲಿ ಮಕ್ಕಳಿಗೇ ಬೀಳೋದು, ಅದ್ಯಾಕೆ ಮುಗಿಯೋದೇ ಇಲ್ಲ ಅಂತ ಅವತ್ತು ಅವಕ್ಕೆ ಅರ್ಥ ಆಗುತ್ತೆ. ಸಸ್ಯಶಾಸ್ತ್ರದ ಪ್ರಕಾರ ಇದಷ್ಟೂ ಸೇರಿ ಒಂದೇ ಎಲೆ ಅಂದ್ರೆ ನಂಬಲ್ಲ, ಸೈನ್ಸ್ ಮಿಸ್ ಬಂದು ಸಾಕ್ಷಿ ಹೇಳ್ಬೇಕು.

ಸಬ್ಬಸಿಗೆ, ಕೊತ್ತಂಬರಿ ಹೂ ಬಿಟ್ಟಾಗ ನೋಡಿ, ಕೊಡೆ ಕಡ್ಡಿಗಳ ತುದೀಲಿ ಒಂದೊಂದು ಪುಟ್ಟ ಕೊಡೆ. ನಂದಿ ಬೆಟ್ಟದ ಸಂದೀಲಿ ಸಿಗೋ ಜರೀಗಿಡದ ಎಲೆ ಅಂತೂ ಪುಸ್ತಕದಲ್ಲೆಲ್ಲ ಬರೋ ಉದಾಹರಣೆ.

ದೊಡ್ಡ ಅಳತೇಲಿ ಬೇಕಂದ್ರೆ ಗೂಗಲ್ ಮ್ಯಾಪಲ್ಲಿ ಸ್ಯಾಟಲೈಟ್ ಹಾಕಿ ನಂದಿ ಬೆಟ್ಟದ ಸಾಲು ನೋಡಿ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಎರಡೂ ಹುಟ್ಟೋದು ಅಲ್ಲೇ. ವರ್ಷಪೂರ್ತಿ ಹರಿಯೋ ಹೊಳೆ ನಮಗಿಲ್ಲ, ನೀರಿಲ್ದಿದ್ರೂ ಹಳ್ಳದ ಗುರುತು ಹಂಗೇ ಇದೆ: ಸಣ್ಣ ಓಣಿ ಸೇರಿ ಹಳ್ಳ, ಹಳ್ಳ ಸೇರಿ ಹೊಳೆ, ಮೇಲಿಂದ ನೋಡಿದ್ರೆ ಎಲೆ ಉದುರಿದ ಮರ. ಮಧ್ಯೆ ಮಧ್ಯೆ ನಮ್ಮ ಹಿರೀಕರು ಕೆರೆ ಕಟ್ಟಿ ಒಂದರ ಕೋಡಿ ನೀರು ಇನ್ನೊಂದಕ್ಕೆ ಹೋಗೋ ಹಂಗೆ ಮಾಡಿದಾರೆ, ಅದೂ ಕಾಣುತ್ತೆ. ಒಂದು ಮಗು ಅವರೂರಿನ ಕುಂಟೆ ಹುಡುಕಿ ಅಲ್ಲಿಂದ ಕಾಲುವೆ ಹಿಡ್ಕೊಂಡು ಹೋಗ್ತಾ ಹೋಗ್ತಾ ಆಂಧ್ರ ಗಡಿ ದಾಟಿಬಿಡ್ತು.

ಇನ್ನು ನಮ್ಮ ಶ್ವಾಸಕೋಶ. ಶ್ವಾಸನಾಳ ಎರಡಾಗಿ, ಅವು ಮತ್ತೆ ಎರಡಾಗಿ, ಹಿಂಗೆ ಸುಮಾರು 23 ಸಲ ಕವಲೊಡೆಯುತ್ತೆ. ಕ್ಯಾಲ್ಕುಲೇಟರಲ್ಲಿ 2ನ್ನ 23 ಸಲ ಗುಣಿಸಿ ಅಂದ್ರೆ 83,88,608 ಬರುತ್ತೆ, ತುದೀಲಿರೋ ಗಾಳಿಚೀಲಗಳು ಅದಕ್ಕಿಂತ ಎಷ್ಟೋ ಜಾಸ್ತಿ, 30 ಕೋಟಿ ಮೇಲೆ. ಎಲ್ಲಾ ಬಿಡಿಸಿ ಹಾಸಿದ್ರೆ ಸುಮಾರು 70 ಚದರ ಮೀಟರ್, ಅಂದ್ರೆ ಹತ್ರ ಹತ್ರ ಒಂದು ಬ್ಯಾಡ್ಮಿಂಟನ್ ಕೋರ್ಟು. ಎದೆಗೂಡೊಳಗೆ ಕೋರ್ಟ್ ಮಡಚಿ ಇಡೋಕೆ ಕವಲು ಬಿಟ್ರೆ ಬೇರೆ ದಾರಿ ಏನಿದೆ ಹೇಳಿ.

ಜೇನುಗೂಡು, ಜೇಡರ ಬಲೆ, ಚಂದ್ರಿಕೆ, ಇವೆಲ್ಲ ಫ್ರ್ಯಾಕ್ಟಲ್ಲಾ?

ಅಲ್ಲ. ಇಲ್ಲೇ ಜಾಸ್ತಿ ಜನ ಎಡವೋದು, ಚೆನ್ನಾಗಿರೋ ಪ್ಯಾಟರ್ನ್ ಎಲ್ಲಾ ಫ್ರ್ಯಾಕ್ಟಲ್ ಅಂತ ಚಾರ್ಟ್ ಮಾಡಿ ಗೋಡೆಗೆ ಅಂಟಿಸಿಬಿಡ್ತಾರೆ. ಜೇನುಗೂಡಲ್ಲಿ ಒಂದೇ ಆಕಾರ ಒಂದೇ ಅಳತೇಲಿ ಪಕ್ಕ ಪಕ್ಕ ಬರುತ್ತೆ, ಒಂದು ಕೋಣೆ ಒಳಗೆ ಇಣುಕಿದ್ರೆ ಇನ್ನೊಂದಿಷ್ಟು ಪುಟ್ಟ ಕೋಣೆ ಇಲ್ಲ. ನಮ್ಮ ಮಕ್ಕಳಿಗೆ ಚಂದ್ರಿಕೆ ಚೆನ್ನಾಗಿ ಗೊತ್ತು, ರೇಷ್ಮೆ ಹುಳ ಹಣ್ಣಾದಾಗ ಗೂಡು ಕಟ್ಟೋಕೆ ಬಿಡ್ತಾರಲ್ಲ ಬಿದಿರಿಂದು, ಅದರಲ್ಲಿ ಪಟ್ಟಿ ಸುರುಳಿ ಸುತ್ಕೊಂಡು ಹೋಗುತ್ತೆ. ಸುತ್ತಿಂದ ಸುತ್ತಿಗೆ ಅಂತರ ಮಾತ್ರ ಎಲ್ಲಾ ಕಡೆ ಅಷ್ಟಷ್ಟೇ, ಹುಳಕ್ಕೆ ಜಾಗ ಬೇಕಲ್ಲ. ಅದರ ಮಧ್ಯಭಾಗ ಕತ್ತರಿಸಿ ದೊಡ್ಡದು ಮಾಡಿದ್ರೆ ಅಂತರ ಅಗಲ ಆಗಿ ಬೇರೆ ಚಂದ್ರಿಕೆನೇ ಆಗುತ್ತೆ. ಕೇಳ್ಬೇಕಾದ ಪ್ರಶ್ನೆ ಒಂದೇ, ಚಿಕ್ಕ ತುಂಡನ್ನ ದೊಡ್ಡದು ಮಾಡಿದ್ರೆ ಅದೇ ಚಿತ್ರ ವಾಪಸ್ ಬರುತ್ತಾ? ಬಸವನಹುಳದ ಚಿಪ್ಪಿನ ಸುರುಳಿ ಈ ಪ್ರಶ್ನೆಗೆ ಹೌದು ಅನ್ನುತ್ತೆ, ಆದ್ರೂ ಅದನ್ನ ಸಾಮಾನ್ಯವಾಗಿ ಫ್ರ್ಯಾಕ್ಟಲ್ ಅನ್ನಲ್ಲ, ಯಾಕಂದ್ರೆ ಅದು ನುಣ್ಣಗಿರೋ ಒಂದೇ ಗೆರೆ, ಹತ್ತಿರ ಹೋದ್ರೆ ಹೊಸ ಕವಲು ಹೊಸ ಮಡಿಕೆ ಏನೂ ಕಾಣಲ್ಲ.

ಹಂಗಾದ್ರೆ ಹೂಕೋಸು ಎಷ್ಟು ಸಲ ಮುರಿದ್ರೂ ಹಂಗೇ ಇರುತ್ತಾ?

ಇರಲ್ಲ, ಮಕ್ಕಳಿಗೆ ಸುಳ್ಳು ಹೇಳ್ಬೇಡಿ. ನಾಲ್ಕೈದು ಹಂತ, ಆಮೇಲೆ ಪುಡಿ. ನುಗ್ಗೆಯಲ್ಲಿ ಮೂರು. ಕೊನೆಯಿಲ್ಲದ ಫ್ರ್ಯಾಕ್ಟಲ್ ಇರೋದು ಗಣಿತದಲ್ಲಿ ಮಾತ್ರ, ಪ್ರಕೃತೀಲಿ ಅದರ ಮೊದಲ ಕೆಲವು ಹಂತ ಸಿಗುತ್ತೆ. ಗಣಿತದ ಸರಳರೇಖೆಗೂ ಎರಡು ತುದಿ ಇಲ್ಲ, ನಾವು ಬೋರ್ಡ್ ಮೇಲೆ ಎಳೆಯೋದಕ್ಕೆ ಇದೆ, ಅದನ್ನ ಯಾರೂ ಕೇಳಲ್ಲ ನೋಡಿ.

ಪೇಪರ್ ಮೇಲೆ ಏನು ಮಾಡಿಸ್ತೀರ?

ಕೋಕ್ ರೇಖೆ. ಸ್ವೀಡನ್ನಿನ ಹೆಲ್ಗೆ ಫಾನ್ ಕೋಕ್ 1904ರಲ್ಲಿ ತೋರಿಸಿದ್ದು. ನಿಯಮ ಹಿಂಗಿದೆ: ಒಂದು ಗೆರೆ ಎಳಿ, ಮೂರು ಸಮ ಭಾಗ ಮಾಡು, ಮಧ್ಯದ ಭಾಗ ಅಳಿಸಿ ಅಲ್ಲಿ ಅಷ್ಟೇ ಉದ್ದದ ಎರಡು ಗೆರೇಲಿ ಗೋಪುರ ಕಟ್ಟು. ಈಗ ನಾಲ್ಕು ಗೆರೆ ಆಯ್ತು, ನಾಲ್ಕಕ್ಕೂ ಅದನ್ನೇ ಮಾಡು.

ಒಂದು ಟಿಪ್, 27 ಸೆಂಟಿಮೀಟರ್ ಗೆರೆ ತಗೊಳ್ಳಿ, ಎ4 ಹಾಳೆ ಅಡ್ಡ ಇಟ್ರೆ ಹಿಡಿಯುತ್ತೆ. ಮೂರರಿಂದ ಭಾಗಿಸ್ತಾ ಹೋದ್ರೆ 9, 3, 1 ಅಂತ ಪೂರ್ಣಸಂಖ್ಯೆ ಬರುತ್ತೆ, ಸ್ಕೇಲಲ್ಲಿ ಪಾಯಿಂಟ್ ಹುಡುಕೋ ಗೋಳಿಲ್ಲ. ಒಟ್ಟು ಉದ್ದ 27 ಇದ್ದಿದ್ದು 36 ಆಗುತ್ತೆ, ಆಮೇಲೆ 48, ಆಮೇಲೆ 64. ಪ್ರತಿ ಸಲ ಮೂರನೇ ಒಂದು ಭಾಗ ಜಾಸ್ತಿ, ಗುಣೋತ್ತರ ಶ್ರೇಢಿ ತಾನಾಗೇ ಬಂತು.

ತಪ್ಪಾಗೋದು ಎಲ್ಲಿ ಅಂದ್ರೆ ಮಧ್ಯದ ಗೆರೆ ಅಳಿಸೋದು ಮರೀತಾರೆ, ಗೋಪುರದ ಕೆಳಗೆ ಬುನಾದಿ ಹಂಗೇ ಉಳ್ಕೊಂಡು ನಾಲ್ಕರ ಬದಲು ಐದು ಗೆರೆ ಆಗುತ್ತೆ, ಎರಡನೇ ಸುತ್ತಿಗೆ ಚಿತ್ರ ಹಬ್ಬದ ತೋರಣದ ಥರ ಆಗಿಬಿಡುತ್ತೆ. ಬೈಯಕ್ಕೆ ಹೋಗ್ಬೇಡಿ. ನಿಯಮ ಒಂಚೂರು ಬದಲಾದ್ರೆ ಇಡೀ ಚಿತ್ರ ಬೇರೆ ಆಗುತ್ತೆ ಅಂತ ತೋರಿಸಕ್ಕೆ ಆ ತಪ್ಪು ಹಾಳೆಗಿಂತ ಒಳ್ಳೇದು ಇನ್ನೊಂದಿಲ್ಲ, ನಾನು ಅವನ್ನೇ ಗೋಡೆಗೆ ಹಾಕೋದು.

ಗೆರೆ ಬದಲು ಸಮಬಾಹು ತ್ರಿಭುಜದ ಮೂರೂ ಬಾಹುವಿಗೆ ಮಾಡಿದ್ರೆ ಹಿಮದ ಹಳುಕಿನ ಆಕಾರ ಬರುತ್ತೆ. ಇದನ್ನ ಜಮೀನಿನ ಲೆಕ್ಕದಲ್ಲಿ ಹೇಳಿದ್ರೆ ನಮ್ಮ ಮಕ್ಕಳಿಗೆ ತಕ್ಷಣ ಹತ್ತುತ್ತೆ. ಮೊದಲ ತ್ರಿಭುಜ ಒಂದು ಎಕರೆ ಹೊಲ ಅಂದ್ಕೊಳ್ಳಿ. ಎಷ್ಟೇ ಸುತ್ತು ಗೋಪುರ ಕಟ್ಟಿದ್ರೂ ವಿಸ್ತೀರ್ಣ 8/5 ಎಕರೆ, ಅಂದ್ರೆ 1 ಎಕರೆ 24 ಗುಂಟೆ ದಾಟಲ್ಲ. ಬೇಲಿ ತಂತಿ ಮಾತ್ರ ಪ್ರತಿ ಸುತ್ತಿಗೂ ಮೂರನೇ ಒಂದು ಭಾಗ ಜಾಸ್ತಿ ಆಗ್ತಾನೇ ಹೋಗುತ್ತೆ, ನಿಲ್ಲೋದೇ ಇಲ್ಲ. ‘ಅಂಥ ಹೊಲ ನಮ್ಮಪ್ಪ ತಗೊಳಲ್ಲ ಮಿಸ್’ ಅಂದ ಒಬ್ಬ.

ಆಯಾಮ 1.26 ಅಂತೆಲ್ಲ ಬರೀತಾರಲ್ಲ, ಅದೆಂಗೆ ದಶಮಾಂಶ ಬರುತ್ತೆ?

ಮೈಸೂರ್ ಪಾಕ್ ತಗೊಳ್ಳಿ. ಮೊದಲು ಒಂದು ದಾರ, ಅಳತೆ ಅರ್ಧ ಮಾಡಿದ್ರೆ 2 ತುಂಡು. ಚೌಕದ ಹಾಳೆ, ಉದ್ದ ಅಗಲ ಎರಡೂ ಅರ್ಧ, 4 ತುಂಡು. ಘನಾಕಾರದ ಮೈಸೂರ್ ಪಾಕ್, ಉದ್ದ ಅಗಲ ಎತ್ತರ ಮೂರೂ ಅರ್ಧ, 8 ತುಂಡು. 2, 4, 8 ಅಂದ್ರೆ ಎರಡರ ಘಾತ 1, 2, 3, ಆ ಘಾತಾನೇ ಆಯಾಮ. ಈಗ ಸಿಯರ್‌ಪಿನ್‌ಸ್ಕಿ ತ್ರಿಭುಜ, ಅಂದ್ರೆ ತ್ರಿಭುಜದ ಮಧ್ಯದ ಕಾಲು ಭಾಗ ತೆಗೆದು ಉಳಿದ ಮೂರರಲ್ಲೂ ಮಧ್ಯ ತೆಗೀತಾ ಹೋಗೋದು. ಅದರಲ್ಲಿ ಅಳತೆ ಅರ್ಧ ಮಾಡಿದ್ರೆ ಸಿಗೋದು 3 ತುಂಡು. ಎರಡರ ಯಾವ ಘಾತ 3? ಒಂದಕ್ಕಿಂತ ಜಾಸ್ತಿ, ಎರಡಕ್ಕಿಂತ ಕಮ್ಮಿ, ಹತ್ರ ಹತ್ರ 1.585. ಕೋಕ್ ರೇಖೇಲಿ ಅಳತೆ ಮೂರನೇ ಒಂದು ಆದ್ರೆ 4 ತುಂಡು, ಮೂರರ ಯಾವ ಘಾತ 4 ಅಂದ್ರೆ 1.26. ಗೆರೆಗಿಂತ ದಪ್ಪ, ಹಾಳೆಗಿಂತ ತೆಳು. ಲಾಗ್ ಬರದ ಮಕ್ಕಳಿಗೆ ಒಂದು ಮತ್ತು ಎರಡರ ಮಧ್ಯೆ ಅಂದ್ರೆ ಸಾಕು, ದಶಮಾಂಶದ ಹಿಂದೆ ಬೀಳ್ಬೇಡಿ.

ಪಾಸ್ಕಲ್ ತ್ರಿಭುಜಕ್ಕೂ ಇದಕ್ಕೂ ಸಂಬಂಧ ಇದೆ ಅಂತಾರೆ, ಹೌದಾ?

ಹೌದು, ನನ್ನ ಕೇಳಿದ್ರೆ ಇಡೀ ವಿಷಯದಲ್ಲಿ ಮಜಾ ಬರೋ ಭಾಗ ಇದೇ. ಪಾಸ್ಕಲ್ ತ್ರಿಭುಜ ಅಂದ್ರೆ ಎರಡೂ ಅಂಚಲ್ಲಿ 1, ಒಳಗಿನ ಒಂದೊಂದು ಮನೇಲೂ ಅದರ ಮೇಲಿನ ಎರಡು ಸಂಖ್ಯೆ ಕೂಡಿ ಬಂದಿದ್ದು. ಅದರಲ್ಲಿ ಬೆಸಸಂಖ್ಯೆ ಇರೋ ಕಡೆ ಬಣ್ಣ ಹಚ್ಚಿ, ಸಮಸಂಖ್ಯೆ ಬಿಳಿ ಬಿಡಿ. ಸಂಖ್ಯೆ ಬರೆಯೋದೂ ಬೇಕಾಗಿಲ್ಲ: ಮೇಲಿನ ಎರಡು ಮನೆ ಒಂದೇ ಥರ ಇದ್ರೆ ಕೆಳಗೆ ಬಿಳಿ, ಬೇರೆ ಬೇರೆ ಇದ್ರೆ ಬಣ್ಣ, ಎರಡೂ ಅಂಚಿನ ಮನೆಗೆ ಯಾವಾಗ್ಲೂ ಬಣ್ಣ. ಬೆಸ ಬೆಸ ಕೂಡಿದ್ರೆ ಸಮ, ಸಮ ಸಮ ಕೂಡಿದ್ರೂ ಸಮ, ಅಷ್ಟೇ ಗುಟ್ಟು. ಮೊದಲ 4 ಸಾಲಲ್ಲಿ 10 ಮನೇಲಿ 9ಕ್ಕೆ ಬಣ್ಣ, 8 ಸಾಲಿಗೆ 36ರಲ್ಲಿ 27, 16 ಸಾಲಿಗೆ 136ರಲ್ಲಿ 81. ಸಾಲು ಎರಡರಷ್ಟಾದ್ರೆ ಬಣ್ಣದ ಮನೆ ಮೂರರಷ್ಟು. ಅದೇ ಸಿಯರ್‌ಪಿನ್‌ಸ್ಕಿ, ಅವನು 1915ರಲ್ಲಿ ಬರೆದ ತ್ರಿಭುಜ, ಕೂಡೋ ಲೆಕ್ಕದಿಂದ ಎದ್ದು ಬಂತು.

ಇದನ್ನ ಮಾಡುವಾಗ ಕನ್ನಡ ಮೇಷ್ಟ್ರನ್ನ ಕರೀರಿ. ಲಘು ಗುರು ಪ್ರಸ್ತಾರ ಹಾಕೋದು ಮಕ್ಕಳಿಗೆ ಗೊತ್ತಿರುತ್ತೆ. ಮೂರು ಅಕ್ಷರದಲ್ಲಿ ಗುರು ಒಂದೂ ಇಲ್ದಂಗೆ 1 ಥರ, ಒಂದಿರೋ ಹಂಗೆ 3, ಎರಡಿರೋ ಹಂಗೆ 3, ಮೂರೂ ಗುರು 1. 1 3 3 1, ತ್ರಿಭುಜದ ಸಾಲೇ ಅದು. ಪಿಂಗಳನ ಛಂದಶ್ಶಾಸ್ತ್ರಕ್ಕೆ 10ನೇ ಶತಮಾನದಲ್ಲಿ ಹಲಾಯುಧ ಬರೆದ ವ್ಯಾಖ್ಯಾನದಲ್ಲಿ ಇದಕ್ಕೆ ಮೇರುಪ್ರಸ್ತಾರ ಅಂತ ಹೆಸರು, ಪಾಸ್ಕಲ್ 17ನೇ ಶತಮಾನದವನು. ಹಂಗಂತ ಫ್ರ್ಯಾಕ್ಟಲ್ಲೂ ನಮ್ಮವರಿಗೆ ಆಗಲೇ ಗೊತ್ತಿತ್ತು ಅಂತ ಫಾರ್ವರ್ಡ್ ಮಾಡ್ಬೇಡಿ, ಅವರು ಎಣಿಸಿದ್ದು ಛಂದಸ್ಸಿನ ವೃತ್ತಗಳನ್ನ, ಬೆಸ ಸಮ ಅಂತ ಬಣ್ಣ ಹಚ್ಚಿದ್ದು ನಾವು.

ಫ್ರ್ಯಾಕ್ಟಲ್ ಕಂಡುಹಿಡಿದೋರು ಯಾರು?

ಹೆಸರಿಟ್ಟಿದ್ದು ಬೆನ್ವಾ ಮ್ಯಾಂಡೆಲ್‌ಬ್ರಾಟ್, 1975ರಲ್ಲಿ. ಲ್ಯಾಟಿನ್ನಲ್ಲಿ ಫ್ರಾಕ್ಟುಸ್ ಅಂದ್ರೆ ಮುರಿದಿದ್ದು. 1924ರಲ್ಲಿ ವಾರ್ಸಾದಲ್ಲಿ ಹುಟ್ಟಿ, ಐಬಿಎಂನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, 2010ರಲ್ಲಿ ತೀರ್ಕೊಂಡ್ರು. ಕೋಕ್, ಸಿಯರ್‌ಪಿನ್‌ಸ್ಕಿ ಎಲ್ಲಾ ಅವರಿಗಿಂತ ಮುಂಚೆ ಬಿಡಿ ಬಿಡಿಯಾಗಿ ಮಾಡಿದ್ದನ್ನ ಇವರು ಒಂದೇ ಸೂರಿನಡಿ ತಂದ್ರು.

ನನಗೆ ಇಷ್ಟ ಆಗೋನು ಲೂಯಿಸ್ ರಿಚರ್ಡ್‌ಸನ್ ಅನ್ನೋ ಇಂಗ್ಲಿಷಿನವನು. ದೇಶ ದೇಶದ ಗಡಿ ಉದ್ದ ನೋಡ್ತಾ ಇದ್ದಾಗ ಸ್ಪೇನ್ ಪೋರ್ಚುಗಲ್ ಗಡಿ ಒಂದು ಕಡೆ 987 ಕಿಲೋಮೀಟರ್ ಅಂತಲೂ ಇನ್ನೊಂದು ಕಡೆ 1214 ಅಂತಲೂ ಇರೋದು ಕಣ್ಣಿಗೆ ಬಿತ್ತು. ಅಳತೆಗೋಲು ಚಿಕ್ಕದಾದಷ್ಟೂ ಅಂಕುಡೊಂಕು ಜಾಸ್ತಿ ಲೆಕ್ಕಕ್ಕೆ ಬರುತ್ತೆ, ಉದ್ದ ಬೆಳೆಯುತ್ತೆ. ಇದನ್ನೇ ಹಿಡ್ಕೊಂಡು ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ಬ್ರಿಟನ್ ಕರಾವಳಿ ಎಷ್ಟು ಉದ್ದ ಅಂತ ಲೇಖನ ಬರೆದ್ರು, ಅದರ ಆಯಾಮ ಸುಮಾರು 1.25. ನಮಗೆ ಸಮುದ್ರ ದೂರ, ಚಿಕ್ಕಬಳ್ಳಾಪುರ ಜಿಲ್ಲೆ ನಕ್ಷೆ ಪ್ರಿಂಟ್ ತೆಗೆದು ಗಡಿನ ಒಂದು ಗುಂಪಿಗೆ ಐಸ್‌ಕ್ರೀಮ್ ಕಡ್ಡೀಲಿ, ಇನ್ನೊಂದಕ್ಕೆ ಬೆಂಕಿಕಡ್ಡೀಲಿ, ಮತ್ತೊಂದಕ್ಕೆ ದಾರದಲ್ಲಿ ಅಳೆಯಕ್ಕೆ ಹೇಳಿ. ಮೂರು ಉತ್ತರ ಬಂದು ಜಗಳ ಶುರು ಆಗುತ್ತೆ, ನೀವು ಸುಮ್ನೆ ಕೂತಿರಿ.

ಮ್ಯಾಂಡೆಲ್‌ಬ್ರಾಟ್ ಸೆಟ್ ಹೈಸ್ಕೂಲ್ ಮಕ್ಕಳಿಗೆ ಅರ್ಥ ಆಗುತ್ತಾ?

ಝೂಮ್ ವಿಡಿಯೋಗಳಲ್ಲಿ ಬರುತ್ತಲ್ಲ, ಆ ಚಿತ್ರಾನೇ ಇದು. ಪೂರ್ತಿ ಚಿತ್ರಕ್ಕೆ ಮಿಶ್ರ ಸಂಖ್ಯೆ, ಅಂದ್ರೆ ಕಾಂಪ್ಲೆಕ್ಸ್ ನಂಬರ್ ಬೇಕು, ಅದು ಪಿಯುಸಿ. ಆದ್ರೆ ಅದರ ನಡುಗೆರೆ ಮೇಲೆ ಆಡೋಕೆ ಬರೀ ಕ್ಯಾಲ್ಕುಲೇಟರ್ ಸಾಕು. ಒಂದು ಸಂಖ್ಯೆ ಆರಿಸ್ಕೊ. 0ಯಿಂದ ಶುರು ಮಾಡಿ, ವರ್ಗ ಮಾಡು, ನಿನ್ನ ಸಂಖ್ಯೆ ಕೂಡು, ಬಂದಿದ್ದನ್ನ ಮತ್ತೆ ವರ್ಗ ಮಾಡು, ಮತ್ತೆ ಕೂಡು. 1 ಆರಿಸ್ಕೊಂಡೋರಿಗೆ 1, 2, 5, 26, 677 ಅಂತ ಓಡಿಹೋಗುತ್ತೆ. ಮೈನಸ್ 1 ತಗೊಂಡೋರಿಗೆ ಮೈನಸ್ 1, 0, ಮೈನಸ್ 1, 0 ಅಂತ ಅಲ್ಲೇ ಗಿರಕಿ ಹೊಡೆಯುತ್ತೆ. ಓಡಿಹೋಗದೇ ಇರೋ ಸಂಖ್ಯೆಗಳು ಸೆಟ್ ಒಳಗೆ.

0.3 ಯಾರಿಗಾದ್ರೂ ಕೊಡಿ. 0.3, 0.39, 0.4521, ಆಮೇಲೆ 0.50, 0.55, 0.61, ತೆವಳ್ತಾ ಇರುತ್ತೆ, ಇದು ನಿಲ್ಲುತ್ತೆ ಮಿಸ್ ಅಂತ ಮಗು ಪೆನ್ ಕೆಳಗಿಡುತ್ತೆ. ಬಿಡಬೇಡಿ. ಹತ್ತನೇ ಸಲಕ್ಕೆ ಒಂದು ದಾಟುತ್ತೆ, ಹನ್ನೆರಡಕ್ಕೆ ಎರಡು ದಾಟಿ ಆಮೇಲೆ ಹಿಡಿಯೋಕೆ ಸಿಗಲ್ಲ. 0.25 ಕೊಟ್ರೆ ಮಾತ್ರ 0.5 ಹತ್ರ ಹೋಗ್ತಾ ಹೋಗ್ತಾ ಯಾವತ್ತೂ ದಾಟಲ್ಲ. ಮೈನಸ್ 2ರಿಂದ 0.25ರ ತನಕ ಒಳಗೆ, ಆಚೆ ಎಲ್ಲಾ ಹೊರಗೆ. ಇದನ್ನ ಕೈಯಲ್ಲಿ ಮಾಡಿದ್ಮೇಲೆ ವಿಡಿಯೋ ಹಾಕಿ ನೋಡಿ, ಬಣ್ಣ ಅಂದ್ರೆ ಎಷ್ಟನೇ ಸಲಕ್ಕೆ ಓಡಿಹೋಯ್ತು ಅನ್ನೋ ಲೆಕ್ಕ ಅಂತ ಅವರೇ ಹೇಳ್ತಾರೆ.

ಕಲೆ ಅಂತೀರಲ್ಲ, ಅದರಲ್ಲಿ ಏನಿದೆ?

ದೇವಸ್ಥಾನ ನೋಡಿ. ಖಜುರಾಹೋದ ಕಂದರಿಯಾ ಮಹಾದೇವ ದೇವಸ್ಥಾನ, 11ನೇ ಶತಮಾನದ್ದು, ದೊಡ್ಡ ಶಿಖರದ ಮೈಮೇಲೆ ಅದೇ ಆಕಾರದ 84 ಪುಟ್ಟ ಶಿಖರ ಅಂತ ಎಣಿಸ್ತಾರೆ. ಅಷ್ಟು ದೂರ ಬೇಡ ಅಂದ್ರೆ ನಂದಿಯ ಭೋಗನಂದೀಶ್ವರ ದೇವಸ್ಥಾನಕ್ಕೆ ಕರ್ಕೊಂಡು ಹೋಗಿ, ಪ್ರಾಕಾರದಲ್ಲಿ ನಿಂತು ವಿಮಾನದ, ಅಂದ್ರೆ ಗರ್ಭಗುಡಿ ಮೇಲಿನ ಗೋಪುರದ ಅಂತಸ್ತುಗಳಲ್ಲಿ ಪುಟ್ಟ ಗುಡಿ ಆಕಾರ ಹುಡುಕಕ್ಕೆ ಹೇಳಿ. ತುಮಕೂರಿನೋರು ತಿಪಟೂರು ಹತ್ರದ ಅರಳಗುಪ್ಪೆಗೆ ಹೋಗ್ಬಹುದು, ಹೊಯ್ಸಳರ ಚೆನ್ನಕೇಶವ ಗುಡಿ ಇದೆ. ಶಿಲ್ಪಿಗಳು ಫ್ರ್ಯಾಕ್ಟಲ್ ಅಂದ್ಕೊಂಡು ಕೆತ್ತಿಲ್ಲ, ಗುಡಿ ಮೇಲೆ ಗುಡಿ ಅಂತ ಕೆತ್ತಿದಾರೆ, ನಮ್ಮ ಕಣ್ಣಿಗೆ ಹಂಗೆ ಕಾಣುತ್ತೆ. ಜಪಾನಿನ ಹೊಕುಸಾಯ್ 1831ರ ಸುಮಾರಿಗೆ ಮಾಡಿದ ದೊಡ್ಡ ಅಲೆಯ ಚಿತ್ರದಲ್ಲೂ ಅಲೆ ತುದೀಲಿ ಅಲೆಯದೇ ಪುಟ್ಟ ಉಗುರುಗಳಿವೆ.

ರಂಗೋಲಿ ಹಾಕಿಸೋದಾದ್ರೆ ಸಿಯರ್‌ಪಿನ್‌ಸ್ಕಿ ಹಾಕಿಸಿ. ಬಾಹು 3.2 ಮೀಟರ್, ಮಧ್ಯಬಿಂದು ಹುಡುಕಕ್ಕೆ ಟೇಪ್ ಬೇಡ, ದಾರ ಮಡಚಿದ್ರೆ ಆಯ್ತು, 1.6, 0.8, 0.4. ನಾವು ಒಂದ್ಸಲ ಆಷಾಢದಲ್ಲಿ ಮೈದಾನದಲ್ಲಿ ಹಾಕಿಸಕ್ಕೆ ಹೋಗಿ ಮೂರನೇ ಸುತ್ತಿಗೆ ಗಾಳಿ ಎದ್ದು ಗುಲಾಬಿ ಬಣ್ಣ ಪೂರ್ತಿ ಹೆಡ್ ಮಾಸ್ಟರ್ ಸ್ಕೂಟರ್ ಮೇಲೆ. ಕಾರಿಡಾರಲ್ಲಿ ಹಾಕಿ.

ಪರೀಕ್ಷೆಗೆ ಬರುತ್ತಾ?

ಎಸ್ಸೆಸ್ಸೆಲ್ಸಿಗೆ ಫ್ರ್ಯಾಕ್ಟಲ್ ಅಂತ ಪಾಠ ಇಲ್ಲ. ಸಮರೂಪತೆ, ಶ್ರೇಢಿ ಬರುತ್ತೆ, ಅವು ಇದರೊಳಗೇ ಇವೆ. ಅಷ್ಟಕ್ಕೂ ಕೇಳೋರಿಗೆ ನಾನು ಹೇಳೋದು, ಶನಿವಾರ ಮಧ್ಯಾಹ್ನ ಕಣ್ರೀ, ಅದನ್ನೂ ಮಾರ್ಕ್ಸಿಗೆ ಕೊಡ್ಬೇಕಾ?

ಕಂಪ್ಯೂಟರ್ ಬೇಕೇ ಬೇಕಾ?

ಬೇಡ. ಇದ್ರೆ ಜಿಯೋಜಿಬ್ರಾ, ಸ್ಕ್ರ್ಯಾಚ್ ಅನ್ನೋ ಸಾಫ್ಟ್‌ವೇರ್ ಎರಡೂ ಫ್ರೀ.

ಅಷ್ಟು ಹೂಕೋಸು ಮುರಿದಮೇಲೆ ಏನು ಮಾಡ್ತೀರ?

ಈ ಪ್ರಶ್ನೆ ಅಮ್ಮಂದಿರದ್ದು. ಬಿಸಿಯೂಟದ ಅಕ್ಕ ಮೊದಲನೇ ಸಲ ಚೂರುಚೂರು ನೋಡಿ, ಇದನ್ನ ಪಲ್ಯ ಮಾಡಿದ್ರೆ ಕರಗೋಗುತ್ತೆ ಅಂತ ಬೇಜಾರು ಮಾಡ್ಕೊಂಡಿದ್ರು. ಈಗ ಒಪ್ಪಂದ ಆಗಿದೆ, ಗುಂಪಿಗೆ ಒಂದೇ ಹೂವನ್ನ ಕಡ್ಲೆಕಾಳಿನ ತನಕ ಮುರಿಯೋದು, ಮಿಕ್ಕಿದ್ದೆಲ್ಲ ನಿಂಬೆಹಣ್ಣಿನ ಗಾತ್ರಕ್ಕೆ ನಿಲ್ಲಿಸಿ ಬಿಸಿ ಉಪ್ಪುನೀರಲ್ಲಿ ಹಾಕಿ ಕೊಡೋದು. ಹುಳ ಇದ್ರೆ ಮೇಲೆ ತೇಲುತ್ತೆ, ರೇಷ್ಮೆ ಹುಳ ಸಾಕೋ ಮನೆ ಮಕ್ಕಳು, ಒಂದೂ ಹೆದರಲ್ಲ.